ಅಲ್ಲಾಡಬೇಡಿ ಅಕ್ಕ

ಬೀದಿಯವರೆಲ್ಲ ಅವಳನ್ನು ಕರೆಯುವುದೇ ‘ಅಲ್ಲಾಡಬೇಡಿ ಅಕ್ಕ’ ಎಂದು. ಮನುಷ್ಯರ ಚಿತ್ರ ಬರೆಯುವ ಈ ಹುಡುಗಿಯ ಕಣ್ಣಿಗೆ ಬಿದ್ದರೆ ಮುಗಿಯಿತು. ಟೈಲರಾಗಲಿ, ಸೋದರತ್ತೆಯಾಗಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಲ್ಲಿನಂತೆ ಕೂರಬೇಕು. ಮೂಗಿನ ಮೇಲೆ ನೊಣ ಕೂತರೂ ಅವಳದು ಒಂದೇ ಮಂತ್ರ: “ಅಲ್ಲಾಡಬೇಡಿ, ಇನ್ನೇನು ಆಗೋಯ್ತು!” ಆ ‘ಇನ್ನೇನು’ ಮುಗಿಯುವಷ್ಟರಲ್ಲಿ ಕೂತವರ ಕಾಲು ಜೋಮು ಹಿಡಿದು, ಎಬ್ಬಿಸಲು ಇಬ್ಬರು ಬೇಕು. “ಉಕ್ಕೋ ಹಾಲಿಗೂ ಇವಳು ಅಲ್ಲಾಡಬೇಡ ಅಂತಾಳೆ,” ಎಂದು ಅಮ್ಮ ನಗುತ್ತಾಳೆ. ಮೊನ್ನೆ ಅಪ್ಪ ತಾನಾಗಿಯೇ ಬಂದು ಆ ಕುರ್ಚಿಯಲ್ಲಿ ಕೂತ. ಕಾಯಿಲೆಯಿಂದ ಸದಾ ನಡುಗುವ ಕೈಗಳನ್ನು ತೊಡೆಯಡಿ ಅದುಮಿಟ್ಟುಕೊಂಡು, “ಹೀಗಿದ್ರೆ ಅಲ್ಲಾಡಲ್ಲ, ಪುಟ್ಟಿ,” ಎಂದ. ಅವಳು ಕುಂಚ ಕೆಳಗಿಟ್ಟು ಎದ್ದು ಬಂದು, ಆ ಕೈಗಳನ್ನು ಮೆಲ್ಲಗೆ ಹೊರತೆಗೆದು ಅವನ ತೊಡೆಯ ಮೇಲಿಟ್ಟಳು. “ಅಲ್ಲಾಡಲಿ ಬಿಡಪ್ಪಾ. ನಂಗೆ ಈ ಕೈಯೇ ಬೇಕು.”