ನಿದ್ದೆ ಕಳೆದುಕೊಂಡ ಲಿಸಿಯಾತೆ

ಲಿಸಿಯಾತೆ ಎಂಥ ಆಳು ಎಂದರೆ ನನ್ನ ವ್ಯಾನಿನಲ್ಲಿ ಅವನಿಗೆ ಮುಂದಿನ ಸೀಟನ್ನೇ ಕೊಡಬೇಕು. ಹಿಂದೆ ಕೂತರೆ ಇಬ್ಬರ ಜಾಗ ನುಂಗುತ್ತಾನೆ. ನಮ್ಮ ಟೊಂಗಾ ದ್ವೀಪಗಳ ಗಂಡಸರನ್ನು ಆಸ್ಟ್ರೇಲಿಯಾದ ಈ ಮಿಲ್ಡೂರಾದ ದ್ರಾಕ್ಷಿ ತೋಟಗಳಿಗೆ ಬೆಳಿಗ್ಗೆ ಒಯ್ದು ಸಂಜೆ ತರುವುದು ನನ್ನ ಕೆಲಸ. ಹಾಗಾಗಿ ಅವನಿಗೆ ಏನೋ ಆಗಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಬಳ್ಳಿ ಕತ್ತರಿಸುತ್ತ ಇಡೀ ಸಾಲಿಗೆ ಕೇಳುವಂತೆ ಹಾಡುತ್ತಿದ್ದವನು ಹಾಡು ನಿಲ್ಲಿಸಿದ. ಆಮೇಲೆ ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸು ತಂದ. ಟೊಂಗಾದವನು ಊಟ ವಾಪಸು ತಂದರೆ ಆಂಬುಲೆನ್ಸ್ ಕರೆಯುವ ಹೊತ್ತಾಯಿತು ಎಂದೇ ಅರ್ಥ.

"ಏನೋ ಇದು? ಅನ್ನದ ಮೇಲೆ ಮುನಿಸಾ?" ಎಂದೆ.

"ನಿದ್ದೆ ಬರ್ತಿಲ್ಲ ಕಣೋ. ಕಣ್ಣು ಮುಚ್ಚಿದ್ರೆ ಎದೆ ಮೇಲೆ ಯಾರೋ ಕೂತ್ಕೊಂಡ ಹಾಗಾಗತ್ತೆ. ಹಿಂಗೇ ಆದ್ರೆ ನಾನು ಉಳಿಯಲ್ಲ ಅನ್ಸತ್ತೆ."

ನಗುತ್ತಲೇ ಹೇಳಿದ. ಆ ನಗು ನನಗೆ ಹಿಡಿಸಲಿಲ್ಲ.

ಡಾಕ್ಟರು ಮಾತ್ರೆ ಕೊಟ್ಟು, ಮನಸ್ಸಿನ ಮಾತು ಕೇಳುವ ಸಲಹೆಗಾರ್ತಿಯ ಬಳಿ ಕಳಿಸಿದರು. ಒಳ್ಳೆಯ ಹೆಂಗಸು, ಇಲ್ಲಿಯವರು. "ಹತ್ತಕ್ಕೆ ಎಷ್ಟು ದುಃಖ ಇದೆ ನಿಮಗೆ?" ಎಂದು ಕೇಳಿದರಂತೆ. "ನಿಮಗೆ ಎಷ್ಟು ಸರಿ ಕಾಣತ್ತೋ ಅಷ್ಟು ಹಾಕ್ಕೊಳ್ಳಿ" ಎಂದು ಕೈಮುಗಿದು ಬಂದ ಇವನು. ಅವನಿಗೆ ಬರುವ ಇಂಗ್ಲಿಷು ದ್ರಾಕ್ಷಿಗೆ ಸಾಕಾಗುತ್ತದೆ, ದುಃಖಕ್ಕೆ ಸಾಲದು.

ಆಗ ಮೊಸೆಸೆಯವರು ಮುಂದಾದರು. ಅವರು ನಮ್ಮ ಚರ್ಚಿನ ಹಿರಿಯರು. ಮಿಲ್ಡೂರಾದ ಉರಿಬಿಸಿಲಿನಲ್ಲೂ ಕೋಟಿನ ಗುಂಡಿ ಬಿಚ್ಚುವವರಲ್ಲ. ಟೊಂಗಾದ ಯಾರಿಗೆ ಯಾರು ಏನಾಗಬೇಕು ಎಂಬುದೆಲ್ಲ ತಮ್ಮ ನಾಲಿಗೆಯ ತುದಿಯಲ್ಲಿದೆ ಎಂದು ಅವರೇ ಹೇಳುತ್ತಾರೆ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

"ನಮ್ಮ ಲಿಸಿಯಾತೆಗಾಗಿ ನಮ್ಮ ಭಾಷೆ ಆಡೋ ಸಲಹೆಗಾರ್ತೀನ ಮೆಲ್ಬರ್ನಿಂದ ಕರೆಸ್ತಿದೀನಿ. ಇದು ಗುಟ್ಟಾಗಿರಲಿ" ಎಂದು ಭಾನುವಾರ ಇಡೀ ಸಭೆಗೆ ಸಾರಿದರು.

ತೊಆಕಾಸೆ ಎಂಬ ಆ ಹೆಂಗಸು ಬಂದಳು. ಚರ್ಚಿನ ಹಿಂದಿನ ಕೋಣೆಯಲ್ಲಿ ಅವರಿಬ್ಬರು, ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಮೊಸೆಸೆಯವರು. ಬಾಗಿಲು ತೆಳು.

"ಯಾವೂರು ನಿಮ್ದು?"

"ಹಾಅಫೇವಾ ದ್ವೀಪ."

"ಅಯ್ಯೋ, ನಮ್ಮಮ್ಮನ ಊರು! ಯಾರ ಮನೆ?"

ಅವನು ತಾಯಿಯ ಹೆಸರು ಹೇಳಿದ. ಕುರ್ಚಿ ಸರಿಯಿತು. ಲಿಸಿಯಾತೆ ತಲೆ ತಗ್ಗಿಸಿಕೊಂಡು, ಅವಳಿಗೆ ಬೆನ್ನು ತೋರಿಸದೆ, ಹಿಂದುಹಿಂದಕ್ಕೆ ನಡೆದು ಹೊರಬಂದ. ಅವಳು ಅವನ ಸ್ವಂತ ಚಿಕ್ಕಮ್ಮನ ಮಗಳು; ಎಳೆಗೂಸಾಗಿದ್ದಾಗಲೇ ಊರು ಬಿಟ್ಟವಳು.

ನಮ್ಮಲ್ಲಿ ತಂಗಿ ಅಣ್ಣನಿಗಿಂತ ಮೇಲು. ದೊಡ್ಡವರಾದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಎದೆಯ ಮಾತಾಡುವುದಿಲ್ಲ. ಟೀವಿಯಲ್ಲಿ ಯಾರಾದರೂ ಮುತ್ತಿಟ್ಟರೆ ಒಬ್ಬರು ಎದ್ದು ಹೋಗಬೇಕು. ತಂಗಿಯ ಎದುರು ಕೂತು ಅಳುವುದೆಂದರೆ ಬಟ್ಟೆಯಿಲ್ಲದೆ ಚರ್ಚಿಗೆ ಹೋದ ಹಾಗೆ.

"ಹಿರಿಯರೇ, ಎಲ್ಲಾ ನಾಲಿಗೆ ತುದೀಲಿತ್ತಲ್ವಾ?" ಎಂದೆ.

"ಗಂಡನ ಮನೆ ಹೆಸರು ಕೇಳಿದ್ದೆ ಕಣಯ್ಯ, ತವರಿಂದು ಬಿಟ್ಟೋಯ್ತು" ಎಂದು ಮೊಸೆಸೆಯವರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು.

ವ್ಯಾನಿನಲ್ಲಿ ಲಿಸಿಯಾತೆ, "ಆಯ್ತು ಬಿಡು. ಇನ್ನು ಯಾರ ಹತ್ರಾನೂ ಕರ್ಕೊಂಡ್ ಹೋಗ್ಬೇಡ ನನ್ನ" ಎಂದ. ಈ ಸಲ ನಗಲೂ ಇಲ್ಲ.

ಅಷ್ಟರಲ್ಲಿ ತೊಆಕಾಸೆ ನನ್ನ ಕಡೆಯ ಕಿಟಕಿಗೆ ಬಂದು, ಸ್ಟಿಯರಿಂಗನ್ನೇ ನೋಡುತ್ತ ನಿಂತಳು.

"ಅಣ್ಣನಿಗೆ ಹೇಳಿ. ನಾನು ಕೇಳಬಾರದ್ದನ್ನ ಕೇಳೋಕೆ ಆಕ್ಲೆಂಡಲ್ಲಿ ಫೆಯಾವೊ ಅಂತ ಒಬ್ರಿದ್ದಾರೆ. ನನ್ನ ಹಾಗೇ ಓದಿದವರು, ಗಂಡಸರು, ನಮ್ಮೋರೇ. ಫೋನ್ ಮಾಡ್ತಾರೆ. ಎತ್ತಲೇಬೇಕು ಅಂತ ತಂಗಿ ಹೇಳಿದ್ಲು ಅನ್ನಿ."

ನಾನು ಪಕ್ಕದಲ್ಲೇ ಇದ್ದವನ ಕಡೆ ತಿರುಗಿ ಅಷ್ಟನ್ನೂ ಮತ್ತೆ ಹೇಳಿದೆ.

"ಆಯ್ತು ಅಂತ ಹೇಳು" ಎಂದ ಅವನು, ಆಚೆ ಕಿಟಕಿಯಿಂದ ಹೊರಗೆ ನೋಡುತ್ತ. ತಂಗಿಯ ಮಾತನ್ನು ತೆಗೆದುಹಾಕುವ ಅಣ್ಣ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಅವನು ಇರುವ ಕೋಣೆಯಲ್ಲಿ ಇನ್ನೂ ಮೂವರಿದ್ದರು. ಹಾಗಾಗಿ ಒಂದು ಸಂಜೆ ಹೊಳೆದಂಡೆಯಲ್ಲಿ ವ್ಯಾನು ನಿಲ್ಲಿಸಿ ನನ್ನ ಫೋನನ್ನೇ ಸ್ಪೀಕರಿಗೆ ಹಾಕಿಕೊಟ್ಟೆ. ಇಳಿಯಲು ಹೋದರೆ ಅವನು ನನ್ನ ತೋಳು ಹಿಡಿದ. "ಕೂತ್ಕೋ. ಒಬ್ನೇ ಆಗಲ್ಲ ನಂಗೆ."

ಫೆಯಾವೊ ಅವರದು ನಿಧಾನದ ದನಿ. "ಮೊದಲು ಸಂಬಂಧ ನೋಡಿಬಿಡೋಣಪ್ಪ. ಒಂದ್ಸಲ ಎಡವಿದೀಯಂತೆ."

ಶುರುವಾಯಿತು. ಅಜ್ಜ, ಮುತ್ತಜ್ಜ, ಅತ್ತೆಯ ಗಂಡ, ಅವನ ಮೊದಲ ಹೆಂಡತಿಯ ಊರು. ಹೊಳೆಯ ಮೇಲೆ ಬೆಳಕು ಇಳಿಯುತ್ತ ಬಂದರೂ ದುಃಖದ ಸುದ್ದಿಯೇ ಇಲ್ಲ. ಇವರೆಂಥ ಸಲಹೆಗಾರರಪ್ಪ, ಇದನ್ನು ನಮ್ಮ ಮೊಸೆಸೆಯವರೇ ಪುಕ್ಕಟೆ ಮಾಡುತ್ತಿದ್ದರಲ್ಲ ಎಂದುಕೊಂಡೆ.

"ನಿಮ್ಮಮ್ಮನಿಗೆ ನೀವೆಷ್ಟು ಜನ ಮಕ್ಕಳು?"

"ಐದು. ಅಲ್ಲ. ನಾಲ್ಕು."

"ಯಾರಪ್ಪ ಹೋದದ್ದು?"

"ಕೊನೇವನು. ಕೆಪು."

ನಮಗೆಲ್ಲ ಗೊತ್ತಿದ್ದದ್ದೇ. ದ್ರಾಕ್ಷಿ ಕೊಯ್ಲಿನ ನಡುವೆ ಊರಲ್ಲಿ ಅವನ ತಮ್ಮನ ದೋಣಿ ಮಗುಚಿತ್ತು. ದೇವರ ಇಚ್ಛೆ ಎಂದು ಇವನು ಕೆಲಸಕ್ಕೆ ಹೊರಟಿದ್ದ. ನಾವೂ ಒಂದು ಸ್ತುತಿಗೀತೆ ಹಾಡಿ, ಮುಗಿಯಿತು ಎಂದುಕೊಂಡಿದ್ದೆವು.

"ಮಣ್ಣಿಗೆ ಹೋಗಿದ್ಯಾ?"

"ಹೋಗೋಕಾಗ್ಲಿಲ್ಲ. ಪ್ಯಾಕಿಂಗ್ ಶೆಡ್ಡಲ್ಲಿ ನಿಂತು ಫೋನಲ್ಲಿ ನೋಡ್ದೆ. ಗುಂಡಿಗೆ ಇಳಿಸೋ ಹೊತ್ತಿಗೆ ಸಿಗ್ನಲ್ ಹೋಯ್ತು."

"ಸೊಂಟಕ್ಕೆ ಸೂತಕದ ಚಾಪೆ?" ಸಾವಾದ ಮನೆಯವರು ಸೂತಕ ಕಳೆಯುವವರೆಗೆ ಸೊಂಟಕ್ಕೆ ಹಳೇ ಚಾಪೆ ಸುತ್ತಿಕೊಳ್ಳುವುದು ನಮ್ಮ ಪದ್ಧತಿ.

"ದ್ರಾಕ್ಷಿ ಪೆಟ್ಟಿಗೆ ತುಂಬೋನು ಚಾಪೆ ಸುತ್ಕೊಂಡು ನಿಂತ್ರೆ ಮೇಸ್ತ್ರಿ ಏನಂತಾನೆ?"

"ಹಂಗಾದ್ರೆ ನಿನ್ನ ಪಾಲಿಗೆ ಇನ್ನೂ ಮಣ್ಣೇ ಆಗಿಲ್ವಲ್ಲೋ ಮಗನೇ" ಎಂದರು ಫೆಯಾವೊ.

ಲಿಸಿಯಾತೆ ಅತ್ತ. ಅಂಥ ಆಳು ಅತ್ತರೆ ವ್ಯಾನು ಅಲುಗುತ್ತದೆ. ನನ್ನ ತೋಳು ಅವನ ಕೈಯಲ್ಲೇ ಇತ್ತು. ಫೋನಿನ ಆಚೆಯವರು ಸುಮ್ಮನಾಗು ಎನ್ನಲಿಲ್ಲ. "ಅಳಪ್ಪ, ನಾನೆಲ್ಲೂ ಹೋಗಲ್ಲ" ಎಂದರು, ಹೋಗಲೂ ಇಲ್ಲ. ಕೊನೆಗೆ, "ಮಾತ್ರೆ ಬಿಡ್ಬೇಡ. ಮುಂದಿನ ವಾರ ಕೆಪು ಎಂಥವನು ಅಂತ ಹೇಳ್ಬೇಕು ನಂಗೆ. ಬರೀ ಒಳ್ಳೇದೇ ಹೇಳ್ಬೇಡ, ತರಲೇನೂ ಹೇಳು" ಎಂದರು.

"ತರಲೇನಾ? ಒಂದು ವಾರ ಸಾಲಲ್ಲ" ಎಂದ ಲಿಸಿಯಾತೆ, ಮೂಗೊರೆಸಿಕೊಂಡು.

ವಾರವಾರವೂ ಫೋನು ಬಂತು. ಆಮೇಲೆ ಅವನು ನನ್ನನ್ನು ವ್ಯಾನಿನಿಂದ ಇಳಿಸಿ ತಾನೊಬ್ಬನೇ ಮಾತಾಡತೊಡಗಿದ.

ಒಂದು ಭಾನುವಾರ ಅವನು ಎದೆಯವರೆಗೆ ಬರುವ, ಅಂಚು ಕಿತ್ತುಹೋದ ದೊಡ್ಡ ಹಳೇ ಚಾಪೆ ಸುತ್ತಿಕೊಂಡು ಚರ್ಚಿಗೆ ಬಂದ. ತಾಯಿ ಊರಿಂದ ಕಳಿಸಿದ್ದಂತೆ. ಕೆಪುವಿನ ಸೂತಕ ಊರಲ್ಲಿ ಎಂದೋ ಕಳೆದಿತ್ತು. ಹೆಂಗಸರು ಪಿಸುಗುಟ್ಟಿದರು. ಎಲ್ಲರೂ ಮೊಸೆಸೆಯವರ ಕಡೆ ನೋಡಿದೆವು, ಯಾಕೆಂದರೆ ಯಾವಾಗ ಏನು ತೊಡಬೇಕು ಎಂಬುದಕ್ಕೆ ಅವರದೇ ಕೊನೆಯ ಮಾತು. ಅವರು ತಮ್ಮ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು.

ಉಪದೇಶದ ನಡುವೆ ಲಿಸಿಯಾತೆಯ ತಲೆ ಅವರ ಹೆಗಲ ಮೇಲೆ ಜಾರಿತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು, ಸಣ್ಣದೇನಲ್ಲ. ಪಾದ್ರಿಗಳು ಮಾತು ನಿಲ್ಲಿಸಿ ನೋಡಿದರು.

ಮೊಸೆಸೆಯವರು ಹೆಗಲು ಕದಲಿಸದೆ ಒಂದು ಕೈ ಎತ್ತಿದರು.

"ಮುಂದುವರಿಸಿ ಪಾದ್ರಿಗಳೇ. ಸ್ವಲ್ಪ ಮೆತ್ತಗೆ."