ನಿನ್ನ ಸೈಕಲ್ ನೀನು ಮುಟ್ಟಬೇಡ

ಬೆಳಗಿನ ಐದು ಗಂಟೆ. ನದಿಯ ಮೇಲೆ ಕಂಬ ನೆಟ್ಟು ಕಟ್ಟಿದ ನಮ್ಮ ಅಫುವಾ ಊರಿನ ಹಳೇ ದೋಣಿಗಟ್ಟೆಯ ಬಳಿ ನೀರು ಇಳಿದಿದೆ. ಕಂಬಗಳ ಮೇಲೆ ನಿಂತ ಒಂದು ಹಲಗೆಯ ಶೆಡ್ಡಿನ ಅಡಿಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಒಬ್ಬ ಹೆಂಗಸು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮೆಲ್ಲಗೆ ಎಳೆಯುತ್ತಿದ್ದಾರೆ. ಕೆಟ್ಟುಹೋದ ಧ್ವನಿವರ್ಧಕದಿಂದ ಕಿತ್ತುಕೊಂಡ ಅಯಸ್ಕಾಂತ ಅದು. ನಾಲ್ಕು ಹೆಜ್ಜೆಗೊಮ್ಮೆ ಅದನ್ನು ಎತ್ತಿ, ಅಂಟಿದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಸಿಕ್ಕಿದ್ದನ್ನು ಬಾಯಿ ಅಗಲದ ಡಬ್ಬಿಗೆ ಹಾಕುತ್ತಾರೆ. ಟಿಣ್ ಎನ್ನುತ್ತದೆ. ಮೇಲಿನ ಹಲಗೆಗಳ ಸಂದಿನಿಂದ ಬಿದ್ದ, ಸೈಕಲ್ ಚಕ್ರದೊಳಗಿನ ಉಕ್ಕಿನ ಗುಂಡು.

"ನಿನ್ನೆ ಹದಿಮೂರು ಬಿದ್ದಿತ್ತು, ಒಂಬತ್ತು ಸಿಕ್ತು. ಮಿಕ್ಕ ನಾಲ್ಕು ನದಿಗೆ," ಎಂದು ಡಬ್ಬಿ ಅಲ್ಲಾಡಿಸಿ ತೋರಿಸುತ್ತಾರೆ. "ಮೂವತ್ತೊಂದು ವರ್ಷದಿಂದ ಕೊಡ್ತಾನೇ ಇದೀನಿ. ಇಷ್ಟೊತ್ತಿಗೆ ಈ ನದಿ ಚಕ್ರದ ಮೇಲೆ ಓಡಬೇಕಿತ್ತು ನೋಡಿ."

ಇವರು ಓಸ್ಮರೀನಾ ಪಾಂತೋಜಾ. ವಯಸ್ಸು ಅರವತ್ತೆರಡು. ಮೋಟಾರು ಗಾಡಿ ಕಾಲಿಡದ ನಮ್ಮ ಊರಿನಲ್ಲಿ ಬ್ರೆಡ್ಡು, ಗ್ಯಾಸ್ ಸಿಲಿಂಡರು, ಹೆರಿಗೆ ನೋವಿನ ಹೆಂಗಸು, ಎಲ್ಲವೂ ಸೈಕಲ್ ಮೇಲೆಯೇ ಬರಬೇಕು. ಹಾಗಾಗಿ ಸೈಕಲ್ ಕೆಟ್ಟ ದಿನ ಎಲ್ಲರಿಗೂ ಓಸ್ಮರೀನಾ ನೆನಪಾಗುತ್ತಾರೆ. ಓಡುತ್ತಿರುವ ಸೈಕಲ್ಲಿಗೆ ಅದನ್ನು ಓಡುವಂತೆ ಮಾಡಿದವರ ನೆನಪು ಎಲ್ಲಿಯದು?

ಬೆಳಿಗ್ಗೆ ಆರರಿಂದ ಒಂದರವರೆಗೆ ದೊಡ್ಡವರ ಸೈಕಲ್‌ಗಳು, ದಿನಕ್ಕೆ ಹತ್ತೋ ಹನ್ನೆರಡೋ. ಆಮೇಲೆ ಒಂದು ಬಟ್ಟಲು ಅಸಾಯಿ ಹಣ್ಣಿನ ರಸ, ಒಂದು ಹಿಡಿ ಕರಿದ ಸೀಗಡಿ, ತೂಗುಮಂಚದಲ್ಲಿ ಅರ್ಧ ಗಂಟೆಯ ನಿದ್ದೆ. ಎರಡೂವರೆಗೆ ಶಾಲೆ ಬಿಟ್ಟ ಮಕ್ಕಳು ತಾವೇ ಸೈಕಲ್ ರಿಪೇರಿ ಮಾಡಲು ಬರುತ್ತಾರೆ. ಈಗ ಗೋಡೆಯ ಮೇಲೆ ಸುಣ್ಣದಲ್ಲಿ ಮೂವತ್ತೆಂಟು ಹೆಸರುಗಳಿವೆ. ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸುವುದಿಲ್ಲ. "ಹದಿನಾರನೇದು ಬಂದ್ರೆ ನೆಲ ಮಾತಾಡುತ್ತೆ," ಎನ್ನುತ್ತಾರೆ.

ಓಸ್ಮರೀನಾ ಒಂಬತ್ತನೇ ವಯಸ್ಸಿನಿಂದ ಸೀಗಡಿ ಸುಲಿದವರು. ಬೆರಳ ತುದಿಗಳಲ್ಲಿ ಆ ಗಾಯಗಳ ಗುರುತು ಈಗಲೂ ಇದೆ. ಗಂಡನಿಗೆ ಎರಡು ಸೈಕಲ್ ಜೋಡಿಸಿ ನಾಲ್ಕು ಚಕ್ರದ ಬಾಡಿಗೆ ಗಾಡಿ ಮಾಡುವ ಕೆಲಸವಿತ್ತು. ಮೂವತ್ತೊಂದು ವರ್ಷದ ಹಿಂದೆ ಒಂದು ದಿನ ಮಕಾಪಾ ನಗರದ ದೋಣಿ ಹತ್ತಿದ ಆತ ಮರಳಿ ಬರಲಿಲ್ಲ. ಉಪಕರಣದ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. "ಎರಡರಲ್ಲಿ ಕೆಲಸಕ್ಕೆ ಬರೋದು ಉಳ್ಕೊಳ್ತು," ಎಂದು ನಗುತ್ತಾರೆ. ಆ ನಗುವಿನ ಹಿಂದೆ ಮೂರು ಮಕ್ಕಳನ್ನು ಸಾಕಿದ ವರ್ಷಗಳಿವೆ. ಅವುಗಳ ಬಗ್ಗೆ ಕೇಳಿದರೆ ಸ್ಪ್ಯಾನರ್ ಹುಡುಕಲು ಎದ್ದುಹೋಗುತ್ತಾರೆ.

ಮಕ್ಕಳ ಕೆಲಸ ಶುರುವಾದದ್ದು ಒಂದು ಜಗಳದಿಂದ. ನಮ್ಮ ಹಲಗೆಯ ಬೀದಿಗಳು ಕಿರಿದು. ಇಬ್ಬರು ಹುಡುಗರು ತಿರುವಿನಲ್ಲಿ ಡಿಕ್ಕಿ ಹೊಡೆದುಕೊಂಡು, ಎರಡೂ ಸೈಕಲ್ ಹೊತ್ತು, ಒಬ್ಬರನ್ನೊಬ್ಬರು ಬೈಯುತ್ತ ಬಂದರಂತೆ. ಒಲೆಯ ಮೇಲೆ ಅನ್ನ ಹತ್ತುತ್ತಿತ್ತು. "ನೀನು ಅವನದ್ದು ಮಾಡು, ಅವನು ನಿನ್ನದ್ದು ಮಾಡ್ಲಿ, ನನ್ನ ಅನ್ನಕ್ಕೆ ಬೆಂಕಿ ಹಾಕಬೇಡಿ," ಎಂದು ಇಬ್ಬರ ಕೈಗೂ ಸ್ಪ್ಯಾನರ್ ಕೊಟ್ಟು ಒಳಗೆ ಹೋದರು. ಅನ್ನ ಇಳಿಸಿ ಬರುವಷ್ಟರಲ್ಲಿ ಇಬ್ಬರೂ ಒಂದೇ ಚೈನನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದರು. ಅಂದಿನಿಂದ ಶೆಡ್ಡಿಗೆ ಎರಡೇ ನಿಯಮ. ನಿನ್ನ ಸೈಕಲ್ ನೀನು ರಿಪೇರಿ ಮಾಡಬಾರದು, ಬೇರೆಯವರದ್ದು ಮಾಡಬೇಕು. ರಿಪೇರಿ ಮಾಡಿದವರೇ ಅದರ ಮೇಲೆ ನೀರಿನ ಟ್ಯಾಂಕ್‌ವರೆಗೆ ಹೋಗಿ ಬರಬೇಕು, ಮಾಲೀಕರು ಆಮೇಲೆ.

"ತನ್ನದನ್ನ ಎಲ್ಲರೂ ಚೆನ್ನಾಗೇ ಮಾಡ್ಕೋತಾರೆ," ಎನ್ನುತ್ತಾರೆ ಓಸ್ಮರೀನಾ. "ಇನ್ನೊಬ್ಬರ ಬ್ರೇಕು ನಿನ್ನ ಕೈಲಿದ್ರೆ ನಟ್ಟನ್ನ ಎರಡು ಸಲ ನೋಡ್ತೀಯ."

ಈ ವರ್ಷ ಈ ಎರಡು ನಿಯಮಗಳ ನಡುವೆ ಸಿಕ್ಕಿಕೊಂಡವಳು ಹನ್ನೊಂದು ವರ್ಷದ ಜಸಿಯಾರಾ.

ದೋಣಿಯಲ್ಲಿ ಆರು ಗಂಟೆ ದೂರದ ಅವಳ ಹಳ್ಳಿಯಲ್ಲಿ ಐದನೇ ತರಗತಿಗೆ ಶಾಲೆ ಮುಗಿಯುತ್ತದೆ. ಓದಲೆಂದು ಫೆಬ್ರವರಿಯಲ್ಲಿ ಅವಳನ್ನು ಇಲ್ಲಿನ ಚಿಕ್ಕಮ್ಮನ ಮನೆಗೆ ಬಿಟ್ಟರು. ದೋಣಿಗಳ ಬಿರುಕು ಮುಚ್ಚುವ ಕೆಲಸದ ಅಪ್ಪ ಒರಿವಾಲ್ಡೊ ಹೊರಡುವಾಗ, "ಈಸ್ಟರ್‌ವರೆಗೆ ನೋಡು. ಒಗ್ಗಲಿಲ್ಲ ಅಂದ್ರೆ ಬಂದು ಕರ್ಕೊಂಡು ಹೋಗ್ತೀನಿ," ಎಂದು ಮಾತು ಕೊಟ್ಟಿದ್ದರು. ಹಾಗೆ ಹೋದರೆ ಓದು ಅಲ್ಲಿಗೆ ಮುಗಿದಂತೆ. ಅವಳಿಗೆ ಒಗ್ಗಲಿಲ್ಲ. ನಾಲ್ಕು ವರ್ಷದ ಕೂಸೂ ಸೈಕಲ್ ತುಳಿಯುವ ಊರಿನಲ್ಲಿ ಅವಳೊಬ್ಬಳು ನಡೆದುಕೊಂಡು ಶಾಲೆಗೆ ಹೋಗುತ್ತಿದ್ದಳು. "ಏ ದೋಣೀ, ಹುಟ್ಟು ಎಲ್ಲೇ ಬಿಟ್ಟೆ?" ಎಂದು ಮಕ್ಕಳು ಗಂಟೆ ಬಾರಿಸುತ್ತ ದಾಟಿಹೋಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅಜ್ಜಿ ಮಾಡಿದ ಕಡುಬು ಮಾರುವ ರೊಸಿನಾಲ್ಡೊ.

ಮಾರ್ಚ್‌ನ ಒಂದು ಮುಂಜಾನೆ ಓಸ್ಮರೀನಾ ಅಯಸ್ಕಾಂತ ಎಳೆಯುತ್ತಿದ್ದಾಗ, ಗಟ್ಟೆಯ ಮೇಲೆ ತನ್ನ ಹಳ್ಳಿ ಕಡೆಯ ದೋಣಿ ನೋಡುತ್ತ ಕೂತಿದ್ದ ಈ ಹುಡುಗಿ ಕೇಳದೆಯೇ ಕೆಸರಿಗಿಳಿದಳು. ಅಯಸ್ಕಾಂತ ಬಿಟ್ಟುಹೋದ ಗುಂಡುಗಳನ್ನು ಬರಿಗೈಯಲ್ಲಿ ಹೆಕ್ಕಿಕೊಟ್ಟಳು.

"ಏಡಿಯ ತೂತು ಹುಡುಕಿದ ಕಣ್ಣು ಅದು," ಎನ್ನುತ್ತಾರೆ ಓಸ್ಮರೀನಾ. "ಮಧ್ಯಾಹ್ನ ಬಾರೇ ಅಂದೆ. ಸೈಕಲ್ ಇಲ್ಲ ಅಂದ್ಲು. ಇಲ್ಲಿ ತನ್ನ ಸೈಕಲ್ ಯಾರೂ ಮುಟ್ಟಲ್ಲ, ಇದ್ರೆಷ್ಟು ಬಿಟ್ರೆಷ್ಟು, ಬಾ ಅಂದೆ."

ಅಂದು ಮಧ್ಯಾಹ್ನ ಗೋಡೆಯ ಮೇಲಿನ ಹೆಸರುಗಳ ಸರದಿಯಲ್ಲಿ ಅವಳ ಪಾಲಿಗೆ ಬಂದದ್ದು ರೊಸಿನಾಲ್ಡೊನ ಸೈಕಲ್. ಹಿಂದಿನ ಚಕ್ರದ ನಡುವಿನ ಗುಂಬ ಗರಗರ ಎನ್ನುತ್ತಿತ್ತು. ಜಸಿಯಾರಾ ಓಸ್ಮರೀನಾ ತೋರಿಸಿದಂತೆ ಅದನ್ನು ಬಿಚ್ಚಿ, ತೊಳೆದು, ಗುಂಡುಗಳನ್ನು ಕೂರಿಸಿದಳು. ಆಮೇಲೆ ತನ್ನ ಜೇಬಿನಿಂದ ಹತ್ತಿಯ ಹುರಿ ತೆಗೆದು, ಗ್ರೀಸಿನಲ್ಲಿ ಅದ್ದಿ, ಅಚ್ಚು ಹೊರಬರುವ ಜಾಗದಲ್ಲಿ ಬಿಗಿಯಾಗಿ ಸುತ್ತತೊಡಗಿದಳು. ದೋಣಿಯ ಮೋಟಾರಿನ ದಂಡದಲ್ಲಿ ನೀರು ನುಗ್ಗದಂತೆ ಅವಳ ಅಪ್ಪ ಸುತ್ತುವುದು ಹಾಗೆಯೇ.

"ಅತ್ತೇ, ನೋಡಿ ಇವಳು! ನನ್ನ ಸೈಕಲ್ಲನ್ನ ದೋಣಿ ಮಾಡ್ತಿದಾಳೆ!" ಎಂದು ರೊಸಿನಾಲ್ಡೊ ಕೂಗಿದ; ಮಕ್ಕಳೆಲ್ಲ ಓಸ್ಮರೀನಾರನ್ನು ಕರೆಯುವುದು ಅತ್ತೆ ಎಂದೇ.

ಇಡೀ ಶೆಡ್ಡು ನಕ್ಕಿತು. ಚಕ್ರ ಕೂರಿಸಿ ತಿರುಗಿಸಿದರೆ ಅದು ತಿರುಗಲೇ ಇಲ್ಲ. "ಇನ್ನು ಹಾಯಿ ಕಟ್ಟೋದೊಂದು ಬಾಕಿ," ಎಂದ ರೊಸಿನಾಲ್ಡೊ. ಹುಡುಗಿಯ ಕಿವಿ ಕೆಂಪಾಯಿತು.

ಓಸ್ಮರೀನಾ ಬಂದು ಬೆರಳಿನಿಂದ ಚಕ್ರ ತಳ್ಳಿ ನೋಡಿದರು. "ಎಷ್ಟು ಸುತ್ತು ಹಾಕಿದೀಯ?"

"ಐದು. ಅಪ್ಪ ಐದು ಹಾಕ್ತಾರೆ."

"ನಿಮ್ಮಪ್ಪಂದು ಮೋಟಾರು ಕಣೇ. ಇದನ್ನ ತಿರುಗಿಸೋದು ಈ ಕಡ್ಡಿ ಕಾಲು," ಎಂದು ರೊಸಿನಾಲ್ಡೊನ ಮೊಣಕಾಲಿಗೆ ಸ್ಪ್ಯಾನರ್ ತಾಗಿಸಿದರು. "ಎರಡು ಸಾಕು."

ಮೂರು ಸುತ್ತು ಬಿಚ್ಚಿದಳು. ಈ ಸಲ ಶೆಡ್ಡು ನಕ್ಕದ್ದು ಕಡ್ಡಿ ಕಾಲಿಗೆ. ಚಕ್ರ ಸದ್ದಿಲ್ಲದೆ ತಿರುಗಿ ತಿರುಗಿ ತಾನಾಗಿ ನಿಂತಿತು. ಇನ್ನು ಉಳಿದದ್ದು ಎರಡನೇ ನಿಯಮ, ಟ್ಯಾಂಕ್‌ವರೆಗಿನ ಸವಾರಿ. ಹುಡುಗಿ ಹ್ಯಾಂಡಲ್ ಹಿಡಿದು ನಿಂತಳು. ಅವಳಿಗೆ ತುಳಿಯಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ನಾನು ನನ್ನ ಸೈಕಲ್ಲಿನ ಬುಟ್ಟಿ ಸರಿಮಾಡಿಸಲು ಅಲ್ಲೇ ಕೂತಿದ್ದೆ. ಕಂಡದ್ದನ್ನೇ ಬರೆಯುತ್ತೇನೆ. ರೊಸಿನಾಲ್ಡೊ ತಲೆ ಕೆರೆದುಕೊಂಡ. ಯಾರೂ ಹೇಳದೆ ಸ್ಪ್ಯಾನರ್ ತೆಗೆದು ತನ್ನ ಸೀಟನ್ನು ನಾಲ್ಕು ಬೆರಳು ತಗ್ಗಿಸಿದ. ಅವಳ ಕಾಲು ನೆಲ ಮುಟ್ಟುವಷ್ಟು.

"ಹಿಂದಿನಿಂದ ಹಿಡ್ಕೋಬಾರದು ಅಂತ ನಿಯಮದಲ್ಲಿ ಇಲ್ವಲ್ಲ, ಅತ್ತೆ?"

"ಇಲ್ಲ," ಎಂದರು ಓಸ್ಮರೀನಾ.

ಐದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ವಾಪಸ್ ಬಂದಾಗ ಇಬ್ಬರೂ ಸೊಂಟದವರೆಗೆ ಒದ್ದೆ. "ಸೈಕಲ್ ಬೀಳಲಿಲ್ಲ, ನಾವಷ್ಟೇ ಬಿದ್ದಿದ್ದು," ಎಂದು ಹುಡುಗ ವರದಿ ಒಪ್ಪಿಸಿದ. ಹುಡುಗಿ ಊರಿಗೆ ಬಂದ ಮೇಲೆ ಮೊದಲ ಬಾರಿಗೆ ಬಾಯ್ತುಂಬ ನಗುತ್ತಿದ್ದಳು.

ಮರುವಾರ ಮಾರ್ಚ್‌ನ ದೊಡ್ಡ ಉಬ್ಬರ ಬಂತು. ಒಂಬತ್ತು ದಿನ ಬೀದಿಗಳ ಮೇಲೆ ಪಾದ ಮುಳುಗುವಷ್ಟು ನೀರು. ಅದರಲ್ಲೇ ಸೈಕಲ್ ಓಡುತ್ತದೆ, ಅದರಲ್ಲೇ ಕೆಡುತ್ತದೆ. ಉಬ್ಬರ ಇಳಿದಾಗ ಶೆಡ್ಡಿನ ಮುಂದೆ ಸಾಲು. ಬಿಚ್ಚಿದ ಒಂದೊಂದು ಗುಂಬದಿಂದಲೂ ಕೆಸರು ನೀರು ಸುರಿಯಿತು. ರೊಸಿನಾಲ್ಡೊನದ್ದು ಬಿಚ್ಚಿದಾಗ ಗ್ರೀಸ್ ಹಾಕಿದ ದಿನದಂತೆಯೇ ಹೊಳೆಯುತ್ತಿತ್ತು. ಓಸ್ಮರೀನಾ ಅದನ್ನು ಎಲ್ಲರಿಗೂ ಕಾಣುವಂತೆ ಬೆಂಚಿನ ಮೇಲಿಟ್ಟು, ಕೆಮ್ಮಿ, ಬೇರೆ ಕೆಲಸಕ್ಕೆ ಹೋದರು. ಮರುದಿನ ಏಳು ಮಕ್ಕಳು ಮನೆಯಿಂದ ಹುರಿ ತಂದು ಜಸಿಯಾರಾಳ ಮುಂದೆ ನಿಂತಿದ್ದರು. "ನಂಗೂ ಒಂದು ದೋಣಿ ಹಾಕಿಕೊಡೇ!" ಈಗ ನಮ್ಮ ಊರಿನಲ್ಲಿ ಆ ಹುರಿ ಸುತ್ತುವ ಕೆಲಸದ ಹೆಸರೇ ದೋಣಿ ಹಾಕುವುದು. ಆ ಹಳೆಯ ಗೇಲಿಗೆ ಬೇರೆ ಅರ್ಥವೇ ಉಳಿದಿಲ್ಲ.

ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ಈಸ್ಟರ್ ಹಿಂದಿನ ಶನಿವಾರ ಒರಿವಾಲ್ಡೊ ಬಂದರು. ಬರಿಗಾಲು, ಭುಜದ ಮೇಲೆ ಮಗಳ ಬಟ್ಟೆ ತುಂಬಲು ಖಾಲಿ ಚೀಲ. ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದರು: "ಮಗಳೇ, ಸಂಜೆ ಉಬ್ಬರಕ್ಕೆ ದೋಣಿ ಬಿಡ್ತೀನಿ."

ಚಕ್ರದ ಹಿಂದಿನಿಂದ ಉತ್ತರ ಬಂತು. "ಇದೊಂದಿದೆ ಅಪ್ಪ, ಕೂತಿರು."

ಅದೊಂದು ಮುಗಿಯಿತು. ಇನ್ನೊಂದು ಬಂತು. ರೊಸಿನಾಲ್ಡೊ ತಂದುಕೊಟ್ಟ ಕಡುಬನ್ನು ತಿನ್ನುತ್ತ ಕೂತಿದ್ದ ಒರಿವಾಲ್ಡೊ ಮಗಳ ಕೈಯನ್ನೇ ನೋಡಿದರು. ಅದು ತಮ್ಮದೇ ಕೈ, ತಮ್ಮದೇ ಗಂಟು. ಅಷ್ಟರಲ್ಲಿ ಒಂದು ಗುಂಡು ಜಾರಿ, ಅವರ ಕಾಲ ಬಳಿ ಉರುಳಿ, ಹಲಗೆಗಳ ಸಂದಿನಲ್ಲಿ ಮಾಯವಾಯಿತು. ಕೆಳಗೆ ಪುಳಕ್ ಎಂದಿತು. ದೋಣಿ ಕೆಲಸದವರಿಗೆ ಬಿರುಕು ಕಂಡರೆ ಕೈ ಸುಮ್ಮನಿರುವುದಿಲ್ಲ.

"ಈ ನೆಲ ಮುಳುಗ್ತಾ ಇದೆಯಲ್ಲಮ್ಮಾ!"

"ಮೂವತ್ತೊಂದು ವರ್ಷದಿಂದ ಮುಳುಗ್ತಾ ಇದೆ. ನೀವೀಗ ಬಂದ್ರಿ," ಎಂದರು ಓಸ್ಮರೀನಾ.

ಒರಿವಾಲ್ಡೊ ದೋಣಿಗೆ ಹೋಗಿ ಉಳಿ, ಹುರಿ, ಮರದ ಅಂಟು ತಂದರು. ಮಧ್ಯಾಹ್ನವಿಡೀ ಮೊಣಕಾಲೂರಿ ಹಲಗೆ ಸಂದುಗಳಿಗೆ ಹುರಿ ತುಂಬಿದರು. ಮಕ್ಕಳು ಸಾಲಾಗಿ ಕೂತು ಹುರಿ ಹೊಸೆದು ಕೊಟ್ಟರು, ಎಲ್ಲರಿಗಿಂತ ಮುಂದೆ ಜಸಿಯಾರಾ, ಪಕ್ಕದಲ್ಲಿ ರೊಸಿನಾಲ್ಡೊ. ಉಬ್ಬರ ಏರುವ ಹೊತ್ತಿಗೆ ನೆಲದ ಅರ್ಧ ಮುಗಿದಿತ್ತು. ಅವರು ಎದ್ದು, ಬೆನ್ನು ನೆಟ್ಟಗೆ ಮಾಡಿ, ಮಗಳನ್ನು ಬಹಳ ಹೊತ್ತು ನೋಡಿದರು. ಅವಳು ಕೈಯಲ್ಲಿದ್ದ ಹುರಿ ಬಿಡಲಿಲ್ಲ.

"ಇನ್ನರ್ಧ ಮುಂದಿನ ತಿಂಗಳು," ಎಂದರು ಓಸ್ಮರೀನಾರ ಕಡೆ ತಿರುಗಿ. "ಹೇಗೂ ಇವಳನ್ನ ನೋಡೋಕೆ ಬರಬೇಕಲ್ಲ."

ಬಂದ ಚೀಲ ಖಾಲಿ ಹೋಗಬಾರದೆಂದು ಓಸ್ಮರೀನಾ ಅದರ ತುಂಬ ಬೇಕರಿಯ ಬ್ರೆಡ್ಡು ತುಂಬಿ ಕಳಿಸಿದರು.

ಈಗ ಮುಂಜಾನೆ ಅಯಸ್ಕಾಂತ ಎಳೆಯಲು ಅರ್ಧ ಜಾಗ ಸಾಕು, ಹೆಕ್ಕಲು ಜಸಿಯಾರಾಳೂ ಕೆಸರಿಗಿಳಿಯುತ್ತಾಳೆ. ನಿಮಗಿನ್ನೇನು ಆಸೆ ಎಂದು ಕೇಳಿದೆ. ಹೊಸ ಉಪಕರಣ, ಇನ್ನೊಂದು ಬೆಂಚು, ಗಟ್ಟಿ ಛಾವಣಿ ಎನ್ನುತ್ತಾರೆಂದುಕೊಂಡಿದ್ದೆ. ಓಸ್ಮರೀನಾ ಡಬ್ಬಿಯ ಮುಚ್ಚಳ ಹಾಕಿ, ಸಂದು ತೆರೆದೇ ಇರುವ ಆ ಅರ್ಧ ನೆಲವನ್ನು ನೋಡಿದರು.

"ಒರಿವಾಲ್ಡೊ ಹೋದ ತಿಂಗಳು ಬಂದಾಗ ಎರಡೇ ಹಲಗೆ ಮಾಡಿದ, ಈ ತಿಂಗಳೂ ಎರಡೇ. ಲೆಕ್ಕ ಹಾಕಿದೀನಿ, ಇನ್ನೂ ಹದಿನೆಂಟಿದೆ. ಅವನು ಅವಸರ ಮಾಡದಿದ್ರೆ ಸಾಕು," ಎಂದರು. "ಗುಂಡು ಬಿದ್ರೆ ಬೀಳಲಿ ಬಿಡಿ. ಹೆಕ್ಕೋಕೆ ಈಗ ಇಬ್ಬರಿದೀವಲ್ಲ."