‘ಹೊರಟಿರಾ?’ ಎಂದು ಕೇಳುವ ಕಿಟಕಿ

ಯಾವ ವೆಬ್‌ಸೈಟಿನ ತಳಕ್ಕಿಳಿದು ನೋಡಿದರೂ ‘ಧನ್ಯವಾದಗಳು, ಮತ್ತೆ ಭೇಟಿ ಕೊಡಿ’ ಎಂಬ ಸಾಲೊಂದು ಕೈಮುಗಿದು ನಿಂತಿರುತ್ತದೆ. ಓದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬರೆದವನ ಜೀವವೆಲ್ಲ ಅದರಲ್ಲೇ ಇರುತ್ತದೆ. ಈ ಸೂಕ್ಷ್ಮ ನನಗೆ ಅರ್ಥವಾದದ್ದು ನಾನೂ ಒಂದು ವೆಬ್‌ಸೈಟಿನ ಯಜಮಾನನಾದ ಮೇಲೆ.

ಮಳವಳ್ಳಿಯಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ, ಕೇಳುವ ಕಿವಿಗಳು ಒಮ್ಮೆಲೇ ಇಲ್ಲವಾದದ್ದರಿಂದ ಬಾಯಿ ಅನಾಥವಾಗಿತ್ತು. ಅದರ ಪುನರ್ವಸತಿಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕೆರೆ, ಕಟ್ಟೆ, ಮರ, ಮನೆಗಳ ಬಗ್ಗೆ ಬರೆಯುವ ತಾಣವೊಂದನ್ನು ತೆರೆದು, ಮೂರೂ ಊರು ‘ಮ’ಕಾರದಿಂದಲೇ ಆರಂಭವಾಗುವ ಸೌಭಾಗ್ಯವನ್ನು ನೆನೆದು ‘ಮಕಾರತ್ರಯ’ ಎಂದು ನಾಮಕರಣ ಮಾಡಿದೆ. ಹೆಸರು ಕೇಳಿದ ನನ್ನ ಹೆಂಡತಿ ಜಯಮ್ಮ, “ಇದೇನ್ರೀ, ಕಷಾಯದ ಪುಡಿ ಹೆಸರಿದ್ದಂಗದೆ” ಎಂದಳು. ಅವಳು ಬೆಳಕವಾಡಿಯವಳು, ಹೊಗಳುವುದಿದ್ದರೂ ಬೈದೇ ಹೊಗಳುತ್ತಾಳೆ. ಅಂದು ಮಾತ್ರ ಬರೀ ಬೈದಿದ್ದಳು.

ಜನ ಬರಲಿಲ್ಲವೆಂದಲ್ಲ. ಮದ್ದೂರು ವಡೆ ಮಾಡುವ ವಿಧಾನ ಹುಡುಕುತ್ತ ದಾರಿ ತಪ್ಪಿದವರು, ಬಸ್ಸಿನ ವೇಳೆ ಹುಡುಕುವವರು, ಹೀಗೆ ಬಂದು ನನ್ನ ಸಮಾಸಗಳನ್ನು ಕಂಡು ಬಂದಷ್ಟೇ ವೇಗದಲ್ಲಿ ನಿರ್ಗಮಿಸುತ್ತಿದ್ದರು. ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಬಂದವರನ್ನು ಮತ್ತೆ ಬರಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ನನಗೆ ಮಾವನವರ ಮನೆ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಬೆಳಕವಾಡಿಗೆ ಹೋದರೆ ಹೊರಡುವ ದಿನ ಹೊರಡಲು ಆಗುತ್ತಲೇ ಇರಲಿಲ್ಲ. ಬ್ಯಾಗು ಹಿಡಿದು ಜಗುಲಿಗೆ ಬಂದರೆ ಒಂದು ಕಾಲಿನ ಚಪ್ಪಲಿ ಮಾಯ. ಎಲ್ಲರೂ ಸೇರಿ ಹುಡುಕುವ ನಾಟಕವಾಡುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಅತ್ತೆಯವರು ರಾತ್ರಿಯ ಅಡುಗೆಗೆ ಕಾಯಿ ತುರಿಯುತ್ತ ಕೂತಿರುತ್ತಿದ್ದರು. ಮರುದಿನ ಚಪ್ಪಲಿ ಅಟ್ಟದಿಂದ ಅವತರಿಸುತ್ತಿತ್ತು.

ಈ ಸಂಪ್ರದಾಯವನ್ನೇ ತಂತ್ರಜ್ಞಾನಕ್ಕೆ ಅಳವಡಿಸಿದೆ. ತಾಣ ಬಿಟ್ಟು ಹೊರಡುವವರ ಎದುರು ಒಂದು ಕಿಟಕಿ ತಟ್ಟನೆ ತೆರೆದುಕೊಂಡು, ‘ಇಷ್ಟು ಬೇಗ ಹೊರಟಿರಾ? ಎರಡು ಮಾತು ಬರೆದು ಹೋಗಿ’ ಎನ್ನುವ ಹಾಗೆ ಮಾಡಿಸಿದೆ. ಬರೆದವರಿಗೆಲ್ಲ ‘ತಮ್ಮ ಆಗಮನದಿಂದ ಧನ್ಯರಾದೆವು, ಮತ್ತೆ ಭೇಟಿ ಕೊಡಿ’ ಎಂಬ ಉತ್ತರ ತಾನಾಗಿಯೇ ಹೋಗುತ್ತಿತ್ತು. ಮೊದಲ ಅಭಿಪ್ರಾಯ ಬಂದದ್ದು ನನ್ನ ಭಾವಮೈದನಿಂದ, ಅದೂ ಫೋನಿನಲ್ಲಿ. “ಬಾವ, ಅದೇನ್ ನಿನ್ ಕಿಟ್ಕಿ, ಒಂಟ್ರೆ ಬುಡಾಕಿಲ್ಲ ಅಂತದಲ್ಲ. ಮೊಬೈಲೇ ಆಫ್ ಮಾಡ್ಬುಟ್ಟೆ.”

ಜಯಮ್ಮನಿಗೆ ದೂರು ಹೇಳಿಕೊಂಡೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ, “ನಮ್ಮನೇಲಿ ಉಣ್ಣಾಕಿಕ್ಕಿ ಆಮೇಲೆ ಚಪ್ಪಲಿ ಬಚ್ಚಿಡೋರು ಕಣ್ರೀ. ನೀವು ಒಂದು ಲೋಟ ನೀರೂ ಕೊಡ್ದೆ ಕಿತ್ಕೊಂಡ್ರೆ ಯಾರ್ ಬತ್ತಾರೆ?” ಎಂದಳು. ಆಮೇಲೆ ಕೈ ಒರೆಸಿಕೊಂಡು, ಜನ ಏನು ಬರೆದಿದ್ದಾರೆ ತೋರಿಸಿ ಎಂದಳು. ನಿಜ ಹೇಳಬೇಕೆಂದರೆ ನಾನು ಅದುವರೆಗೆ ಅದನ್ನು ತೆರೆದೇ ಇರಲಿಲ್ಲ. ಉತ್ತರ ತಾನಾಗಿ ಹೋಗುವಾಗ ಪ್ರಶ್ನೆ ಓದುವ ಶ್ರಮವೇಕೆ?

ಬೈಗುಳಗಳ ನಡುವೆ ಒಂದು ಮಾತಿತ್ತು. ಬರೆದವರು ಮಂಡ್ಯದಲ್ಲಿರುವ ಲೀಲಾವತಿ ಎಂಬ ನಿವೃತ್ತ ನರ್ಸು. ಅವರ ತಂದೆ ಶಿವನಸಮುದ್ರದ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದರು. ‘ನಮ್ಮ ಕ್ವಾರ್ಟರ್ಸಿನ ಹಿಂದೆ, ಬಚ್ಚಲ ನೀರು ಹೋಗುವ ಕಡೆ ಅಮ್ಮ ಒಂದು ಹಲಸಿನ ಗಿಡ ಹಾಕಿದ್ದರು. ದಿನಾ ಅದರ ಹತ್ತಿರ ಮಾತಾಡುತ್ತಿದ್ದರು. ನಾವು ಮನೆ ಬಿಡುವಾಗ ಒಂದೂ ಕಾಯಿ ಬಿಟ್ಟಿರಲಿಲ್ಲ. ಅಮ್ಮ ತೀರಿಕೊಳ್ಳುವವರೆಗೂ ಅದನ್ನೇ ಕೇಳುತ್ತಿದ್ದರು. ನನಗೆ ಮಂಡಿನೋವು, ಬಸ್ಸು ಹತ್ತಲಾರೆ. ಆ ಮರ ಕಾಯಿ ಬಿಟ್ಟಿತೇ?’

ಇದಕ್ಕೆ ನನ್ನ ತಾಣ, ತಮ್ಮ ಆಗಮನದಿಂದ ಧನ್ಯರಾದೆವು ಎಂದು ಉತ್ತರಿಸಿತ್ತು. ಅವರು ಮತ್ತೆ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು. ಜಯಮ್ಮ ಬೈಯದೆ, ಶಿವನಸಮುದ್ರಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದಳು. ಅವಳು ಬೈಯದಿದ್ದಾಗ ತಪ್ಪು ದೊಡ್ಡದೆಂದೇ ಅರ್ಥ.

ಮರುದಿನ ಬೆಳಿಗ್ಗೆ ಇಬ್ಬರೂ ಶಿವನಸಮುದ್ರಕ್ಕೆ ಹೋದೆವು. ಕ್ವಾರ್ಟರ್ಸಿನ ಸಾಲಿನಲ್ಲಿ ವಿಚಾರಿಸುತ್ತ ಹೋಗಿ, ಒಂದು ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆಯೇ ಇದ್ದ ಆ ಮರದ ಮುಂದೆ ನಿಂತೆವು. ಬುಡದಿಂದಲೇ ಕಾಯಿಗಳು ಜೋತುಬಿದ್ದಿದ್ದವು. ಆ ಮನೆಯಾಕೆ ಬಟ್ಟೆ ಹಿಂಡುತ್ತಿದ್ದವರು ಹೇಳಿದರು: “ವರ್ಸಾ ವರ್ಸಾ ಇಂಗೇ ಬುಡ್ತದೆ ಕಣಮ್ಮ. ಯಾವ್ ಪುಣ್ಯಾತ್ಗಿತ್ತಿ ಆಕಿದ್ಲೋ, ಈ ಸಾಲ್ನೋರೆಲ್ಲ ತಿಂತೀವಿ.”

ಮನೆಗೆ ಬಂದು, ನನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಒಂದೂ ಸಮಾಸವಿಲ್ಲದೆ, ಆಕೆ ಅಂದದ್ದನ್ನು ಅಂದಹಾಗೆಯೇ ಬರೆದು, ಮರದ ಫೋಟೋದೊಂದಿಗೆ ಲೀಲಾವತಿಯವರಿಗೆ ಕಳುಹಿಸಿ, ತಾಣದಲ್ಲೂ ಹಾಕಿದೆ. ಸಂಜೆಯೊಳಗೆ ಅವರು ಬಂದರು. ಬರೆದದ್ದು ಒಂದೇ ಸಾಲು: ‘ಹಣ್ಣು ಸಿಹಿ ಇದೆಯಂತಾ?’

ಅದನ್ನು ಕೇಳಿಕೊಂಡು ಬರಲು ನಮಗೆ ತೋಚಿರಲಿಲ್ಲ. ಕೇಳಿ ಹೇಳುವ ಬದಲು ತಿಂದೇ ಹೇಳುವುದೆಂದು ಜಯಮ್ಮ ತೀರ್ಮಾನಿಸಿದಳು. ಹಣ್ಣಾಗುವವರೆಗೆ ನಾನು ಆಗಾಗ ಅಲ್ಲಿಗೆ ಹೋಗಿ ಬಂದು, ‘ಇನ್ನೂ ಬಲಿತಿಲ್ಲ’, ‘ಈಗ ಬಲಿಯುತ್ತಿದೆ’ ಎಂದು ಸುದ್ದಿ ಹಾಕುತ್ತಿದ್ದೆ. ಲೀಲಾವತಿ ದಿನವೂ ಬಂದು ನೋಡುತ್ತಿದ್ದರು. ವಿಚಿತ್ರವೆಂದರೆ, ವಡೆ ಹುಡುಕುತ್ತ ಬಂದ ಯಾರು ಯಾರೋ ಸಹ ‘ಹಣ್ಣಾಯ್ತಾ ಸಾರ್’ ಎಂದು ಮತ್ತೆ ಮತ್ತೆ ಕೇಳತೊಡಗಿದರು. ಆ ಕಿಟಕಿಯನ್ನು ನಾನು ಆಗಲೇ ಮುಚ್ಚಿಸಿದ್ದೆ.

ಬೇಸಿಗೆಯ ಕೊನೆಗೆ ಮನೆಯಾಕೆ ಹಣ್ಣು ಕೊಯ್ದು ಕೊಟ್ಟರು. ಅರ್ಧವನ್ನು ಮಂಡ್ಯಕ್ಕೆ ತಂದುಕೊಡಲೇ ಎಂದು ಮೊದಲೇ ಕೇಳಿದಾಗ ಲೀಲಾವತಿ ಬೇಡವೆಂದಿದ್ದರು. ಸಕ್ಕರೆ ಕಾಯಿಲೆ, ಮನೆಯಲ್ಲಿಟ್ಟುಕೊಂಡು ಸುಮ್ಮನಿರಲಾರೆ, ನೀವು ತಿಂದು ಹೇಳಿ ಸಾಕು ಎಂದು. ಜಯಮ್ಮ ಅಲ್ಲೇ ಮರದ ಕೆಳಗೆ ಒಂದು ತೊಳೆ ಬಾಯಿಗಿಟ್ಟು, ಕಣ್ಣು ಮುಚ್ಚಿ ತಿಂದು, “ಬರ್ಕಳಿ, ಜೇನು” ಎಂದಳು. ಹಾಗೆಯೇ ಬರೆದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಸಾಕಪ್ಪ. ಇನ್ನು ನಾನು ಬರ್ತೀನಿ.’

ಆಮೇಲೆ ಅವರು ತಾಣಕ್ಕೆ ಬಂದಿಲ್ಲ. ಬೆಳಿಗ್ಗೆ ಎದ್ದು ಒಮ್ಮೆ ನೋಡುತ್ತೇನೆ, ನಿಜ. ಬಂದರೆ ನನಗೆ ಸಂತೋಷವೇ. ಬರದಿದ್ದರೂ, ಅಮ್ಮನ ಮರದ ಹಣ್ಣು ಸಿಹಿಯೆಂದು ತಿಳಿದುಕೊಂಡೇ ಅವರು ಹೋಗಿದ್ದಾರೆ.